ಮುಳ್ಳಿಗೆ ತಕ್ಕ ತೋಳು: ರೆಕಾರ್ಡ್ ಪ್ಲೇಯರ್‌ಗೆ ಕಾರ್ಟ್ರಿಜ್ ಆರಿಸುವುದು, ಕೂರಿಸುವುದು

ಭೀಮಸೇನ ಜೋಶಿಯವರ ಹಳೇ ಎಲ್‌ಪಿ ಒಂದು ನನ್ನ ಹತ್ತಿರ ಇದೆ. ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಸಿಕ್ಕಿದ್ದು. ನಿಧಾನದ ವಿಲಂಬಿತ್ ನಡೆಯುವಷ್ಟು ಹೊತ್ತು ಎಲ್ಲ ಚೆನ್ನಾಗಿರುತ್ತಿತ್ತು. ತಂಬೂರಿ ಕೋಣೆ ತುಂಬಾ ಹರಡಿಕೊಳ್ಳುತ್ತಿತ್ತು. ಆದರೆ ಬದಿ ಮುಗಿಯುವ ಹೊತ್ತಿಗೆ, ವೇಗದ ದ್ರುತ್ ಬಂದು ತಾನುಗಳು ಸುರಿಯತೊಡಗಿದ ಕೂಡಲೇ, ದನಿಗೆ ಮರಳು ಬೆರೆಸಿದ ಹಾಗೆ ಚರಚರ ಅನ್ನುತ್ತಿತ್ತು.

ಪ್ಲೇಟು ಸವೆದಿದೆ ಅಂದುಕೊಂಡೆ. ಆಮೇಲೆ ಒಬ್ಬ ಅಂಗಡಿಯವರು, 'ಕಾರ್ಟ್ರಿಜ್ ಬದಲಾಯಿಸಿ ಸರ್, ಇದು ಯಾವ ಪ್ಲೇಯರ್‌ಗಾದರೂ ಆಗುತ್ತೆ' ಅಂದರು. ಕಾರ್ಟ್ರಿಜ್ ಅಂದರೆ ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿದುಕೊಂಡಿರುವ ಪುಟ್ಟ ಡಬ್ಬಿ. ಜಾಸ್ತಿ ದುಡ್ಡು ಕೊಟ್ಟು ತಂದೆ. ಹಾಕಿ ನೋಡಿದರೆ ಹೊಸದೇ ಕಾಟ ಶುರು. ಹಾಡು ಶುರುವಾಗುವ ಮೊದಲೇ, ಏನೂ ಸದ್ದಿಲ್ಲದ ಜಾಗದಲ್ಲಿ, ಸ್ಪೀಕರಿನ ದೊಡ್ಡ ಕೋನ್ ಉಸಿರಾಡುವ ಹಾಗೆ ಒಳಗೆ ಹೊರಗೆ ಆಡುತ್ತಿತ್ತು. ಸ್ವಲ್ಪ ಸೊಟ್ಟಗಿದ್ದ ಪ್ಲೇಟಿನಲ್ಲಂತೂ ಮುಳ್ಳು ಹಾರಿಯೇ ಹೋಗುತ್ತಿತ್ತು.

ಆ ಕಾರ್ಟ್ರಿಜ್ ಕೆಟ್ಟದ್ದಲ್ಲ. ನನ್ನ ಪ್ಲೇಯರಿನ ತೋಳೂ ಕೆಟ್ಟದ್ದಲ್ಲ. ಜೋಡಿ ತಪ್ಪಿತ್ತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ. ದುಡ್ಡು ಕೊಡುವ ಮುಂಚೆ ಒಂದು ಕಾಗದದಲ್ಲಿ ಎರಡು ನಿಮಿಷ ಲೆಕ್ಕ ಹಾಕಿದ್ದರೆ ಇದು ಆಗುತ್ತಿರಲಿಲ್ಲ. ಈ ಬರಹದ ಮುಖ್ಯ ಭಾಗ ಆ ಲೆಕ್ಕವೇ. ಉಳಿದದ್ದು ಅದರ ಹಿಂದೆ ಮುಂದೆ ಬರುತ್ತದೆ.

ಮೊದಲು ನಿಮ್ಮ ಹತ್ತಿರ ಇರುವುದು ಏನು ನೋಡಿ

ಅಜ್ಜನ ಕಾಲದ ಪೆಟ್ಟಿಗೆ ಪ್ಲೇಯರ್ ಇದ್ದರೆ, ಅದರಲ್ಲಿ ಇರುವುದು ಬಹುಶಃ ಸೆರಾಮಿಕ್ ಕಾರ್ಟ್ರಿಜ್. ಅದರ ಮುಳ್ಳು ಗೆರೆಯ ಮೇಲೆ ನಾಲ್ಕೈದು ಗ್ರಾಂ, ಕೆಲವೊಮ್ಮೆ ಇನ್ನೂ ಜಾಸ್ತಿ ಭಾರ ಹಾಕುತ್ತದೆ. ಅದು ಕೊಡುವ ವಿದ್ಯುತ್ತೂ ಜೋರು. ಅದಕ್ಕೇ ಒಳಗಿನ ಆಂಪ್ಲಿಫೈಯರ್‌ನಲ್ಲಿ ಫೋನೊ ಹಂತವೇ, ಅಂದರೆ ಮುಳ್ಳಿನ ಸಣ್ಣ ವಿದ್ಯುತ್ತನ್ನು ಹಿಗ್ಗಿಸುವ ಭಾಗವೇ, ಇರುವುದಿಲ್ಲ. ಅಂಥ ಪ್ಲೇಯರ್‌ಗೆ ಇವತ್ತಿನ ಮ್ಯಾಗ್ನೆಟ್ ಕಾರ್ಟ್ರಿಜ್ ಹಾಕಿದರೆ ಎರಡು ಕಡೆ ಸೋಲು. ಸದ್ದು ಪಿಸುಮಾತಿನಷ್ಟು ಬರುತ್ತದೆ, ಭಾರದ ತೋಳು ಮೆದು ಮುಳ್ಳನ್ನು ಹಾಳು ಮಾಡುತ್ತದೆ. ಅದಕ್ಕೆ ಅದರದ್ದೇ ಮುಳ್ಳು ಹುಡುಕಿ ಹಾಕಿ, ನೆನಪಿಗೆ ಇಟ್ಟುಕೊಳ್ಳಿ. ಒಳ್ಳೆಯ ಪ್ಲೇಟುಗಳನ್ನು ಅದರ ಮೇಲೆ ಹಾಕಬೇಡಿ.

ತೋಳಿನ ಹಿಂದೆ ತಿರುಗಿಸಬಹುದಾದ ತೂಕದ ಗುಂಡು, ಅಂದರೆ ಕೌಂಟರ್‌ವೇಟ್ ಇದ್ದು, ಮುಂದೆ ಕಾರ್ಟ್ರಿಜ್ಜನ್ನು ಎರಡು ಸ್ಕ್ರೂ ಹಾಕಿ ಬಿಗಿದಿದ್ದರೆ ಮಾತ್ರ ಮುಂದೆ ಓದಿ. ಆ ಎರಡು ಸ್ಕ್ರೂಗಳ ನಡುವಿನ ಅಂತರ ಅರ್ಧ ಇಂಚು. ಅದು ಎಲ್ಲ ಕಂಪನಿಗಳಿಗೂ ಒಂದೇ. ಹಾಗಾಗಿ ಯಾವ ಕಾರ್ಟ್ರಿಜ್ ಆದರೂ ಯಾವ ತೋಳಿಗಾದರೂ *ಕೂರುತ್ತದೆ*. ಅಂಗಡಿಯವರು 'ಆಗುತ್ತೆ' ಅಂದದ್ದು ಇಷ್ಟರ ಮಟ್ಟಿಗೆ ನಿಜ.

ತೋಳು ಎಷ್ಟು ಭಾರ

ಇಲ್ಲಿ ಭಾರ ಅಂದರೆ ತೋಳನ್ನು ಬಿಚ್ಚಿ ತಕ್ಕಡಿಯಲ್ಲಿ ಇಟ್ಟರೆ ಬರುವ ತೂಕವಲ್ಲ. ಮುಳ್ಳಿಗೆ ಅನ್ನಿಸುವ ಭಾರ. ಇದಕ್ಕೆ ಎಫೆಕ್ಟಿವ್ ಮಾಸ್ ಅನ್ನುತ್ತಾರೆ. ತೋಳು ಒಂದು ಗೂಟದ ಸುತ್ತ ತಿರುಗುವ ಕೋಲು. ತುದಿಯಲ್ಲಿ 1 ಗ್ರಾಂ ಸೇರಿಸಿದರೆ ಮುಳ್ಳಿಗೆ ಪೂರ್ತಿ 1 ಗ್ರಾಂ ಜಾಸ್ತಿ ಅನ್ನಿಸುತ್ತದೆ. ಅದೇ 1 ಗ್ರಾಮನ್ನು ನಡುಮಧ್ಯ ಸೇರಿಸಿದರೆ ಕಾಲು ಗ್ರಾಂ ಅಷ್ಟೇ. ಗೂಟದ ಹತ್ತಿರ ಎಷ್ಟು ಸೇರಿಸಿದರೂ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಕಾರ್ಟ್ರಿಜ್ ಕೂರುವ ಮುಂದಿನ ತಲೆ, ಅಂದರೆ ಹೆಡ್‌ಶೆಲ್ ಬದಲಾಯಿಸಿದರೆ ತುಂಬ ವ್ಯತ್ಯಾಸ ಆಗುತ್ತದೆ.

ಈ ಸಂಖ್ಯೆ ಪ್ಲೇಯರಿನ ಕೈಪಿಡಿಯಲ್ಲಿ ಇರುತ್ತದೆ. 10 ಗ್ರಾಮಿಗಿಂತ ಕಡಿಮೆ ಇದ್ದರೆ ಹಗುರ ತೋಳು. 10ರಿಂದ 20ರವರೆಗೆ ಮಧ್ಯಮ. ಅದಕ್ಕಿಂತ ಮೇಲೆ ಭಾರ. ಕೆಲವು ಗೊತ್ತಿರುವ ತೋಳುಗಳು: ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಸುಮಾರು 12 ಗ್ರಾಂ. ರೇಗಾ ಆರ್‌ಬಿ300 ಸುಮಾರು 11. ಪ್ರೊ-ಜೆಕ್ಟ್ ಡೆಬ್ಯೂ ಕಾರ್ಬನ್ 6 ಗ್ರಾಂ, ಕಾರ್ಬನ್ ಕೊಳವೆ ಆದ್ದರಿಂದ. 1970ರ ದಶಕದಲ್ಲಿ ಮುಳ್ಳುಗಳನ್ನು ಮೆದು ಮಾಡುವ ಪೈಪೋಟಿ ನಡೆದಾಗ ಎಸ್‌ಎಂಇ ಕಂಪನಿ 3009 ಸೀರೀಸ್ 3 ಅಂತ ಸುಮಾರು 5 ಗ್ರಾಮಿನ ತೋಳು ಮಾಡಿತ್ತು. ಅದಕ್ಕೆ ಇವತ್ತಿನ ಹೆಚ್ಚಿನ ಕಾರ್ಟ್ರಿಜ್ಜುಗಳು ಒಗ್ಗುವುದಿಲ್ಲ.

ಒಂದು ಎಚ್ಚರ. ಹೆಡ್‌ಶೆಲ್ ಬಿಚ್ಚುವಂಥ ತೋಳುಗಳಲ್ಲಿ ಕೈಪಿಡಿಯ ಸಂಖ್ಯೆ ಕಂಪನಿಯ ಹೆಡ್‌ಶೆಲ್ ಸೇರಿಸಿ ಹೇಳಿದ್ದೋ, ಬಿಟ್ಟು ಹೇಳಿದ್ದೋ ನೋಡಿಕೊಳ್ಳಿ. ಏಳೆಂಟು ಗ್ರಾಂ ಹೆಚ್ಚುಕಡಿಮೆ ಆದರೆ ಲೆಕ್ಕ ಪೂರ್ತಿ ಬದಲಾಗುತ್ತದೆ.

ಮುಳ್ಳು ಎಷ್ಟು ಮೆದು

ಮುಳ್ಳು ಒಂದು ಪುಟ್ಟ ಕಡ್ಡಿಯ ತುದಿಯಲ್ಲಿ ಕೂತಿರುತ್ತದೆ. ಆ ಕಡ್ಡಿಯ ಇನ್ನೊಂದು ತುದಿ ರಬ್ಬರಿನಲ್ಲಿ ಸಿಕ್ಕಿಕೊಂಡಿರುತ್ತದೆ. ಆ ರಬ್ಬರು ಎಷ್ಟು ಸುಲಭವಾಗಿ ಬಾಗುತ್ತದೆ ಅನ್ನುವುದೇ ಕಂಪ್ಲಯನ್ಸ್. ಸಂಖ್ಯೆ ಜಾಸ್ತಿ ಇದ್ದಷ್ಟೂ ಮೆದು. ಕೆಲವು ಗೊತ್ತಿರುವ ಕಾರ್ಟ್ರಿಜ್ಜುಗಳು: ಆರ್ಟೊಫೋನ್ 2ಎಂ ರೆಡ್ 20. ಅದೇ ಮನೆತನದ ಬ್ರಾಂಝ್, ಬ್ಲ್ಯಾಕ್ 22. ಡೆನಾನ್ ಡಿಎಲ್-103 ಬರೀ 5. ಆಡಿಯೊ-ಟೆಕ್ನಿಕಾ ವಿಎಂ95ಇ 7.

ಇಲ್ಲೇ ಬಹಳ ಜನ ಜಾರಿ ಬೀಳುವುದು. ಯುರೋಪಿನ ಕಂಪನಿಗಳು ಈ ಸಂಖ್ಯೆಯನ್ನು ಸಾಮಾನ್ಯವಾಗಿ 10 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಹತ್ತು ಸಲ ಅಲುಗಾಡಿಸಿ, ಅಳೆದು ಹೇಳುತ್ತವೆ. ಜಪಾನಿನವರು 100 ಹರ್ಟ್ಜ್‌ನಲ್ಲಿ ಅಳೆಯುತ್ತಾರೆ. ವೇಗವಾಗಿ ಅಲುಗಾಡಿಸಿದರೆ ರಬ್ಬರು ಗಟ್ಟಿಯಾದ ಹಾಗೆ ವರ್ತಿಸುತ್ತದೆ, ಸಂಖ್ಯೆ ಕಡಿಮೆ ಬರುತ್ತದೆ. ನಮ್ಮ ಲೆಕ್ಕಕ್ಕೆ ಬೇಕಾದ್ದು 10 ಹರ್ಟ್ಜ್‌ನ ಸಂಖ್ಯೆ. ಹಾಗಾಗಿ ಜಪಾನಿನ ಸಂಖ್ಯೆಯನ್ನು ಒಂದೂವರೆಯಿಂದ ಎರಡರ ನಡುವೆ ಯಾವುದರಿಂದಾದರೂ ಗುಣಿಸಿ. ನಾನು 1.7 ಅಥವಾ 1.8 ಇಟ್ಟುಕೊಳ್ಳುತ್ತೇನೆ. ಇದು ಅಂದಾಜು, ನಿಯಮವಲ್ಲ. ಹೀಗೆ ಡಿಎಲ್-103 ಸುಮಾರು 9 ಆಗುತ್ತದೆ, ವಿಎಂ95ಇ ಸುಮಾರು 12 ಆಗುತ್ತದೆ. ಸ್ಟ್ಯಾಟಿಕ್ ಕಂಪ್ಲಯನ್ಸ್ (ಅಲುಗಾಡಿಸದೆ ಅಳೆದದ್ದು) ಅಂತ ದೊಡ್ಡ ಸಂಖ್ಯೆ ಕೊಟ್ಟಿದ್ದರೆ ಅದರ ಅರ್ಧ ಹಿಡಿಯಿರಿ.

ಈಗ ಲೆಕ್ಕ

ಒಂದು ರಬ್ಬರ್ ಬ್ಯಾಂಡಿಗೆ ಸಣ್ಣ ಕಲ್ಲು ಕಟ್ಟಿ ಇಳಿಬಿಡಿ. ಕೈಯನ್ನು ನಿಧಾನಕ್ಕೆ ಮೇಲೆ ಕೆಳಗೆ ಮಾಡಿದರೆ ಕಲ್ಲೂ ಜೊತೆಗೆ ಬರುತ್ತದೆ. ಸ್ವಲ್ಪ ವೇಗ ಜಾಸ್ತಿ ಮಾಡಿ. ಒಂದು ಹದಕ್ಕೆ ಬಂದಾಗ ಕಲ್ಲು ಹುಚ್ಚೆದ್ದು ಕುಣಿಯುತ್ತದೆ. ಇನ್ನೂ ವೇಗ ಮಾಡಿದರೆ ಕೈ ನಡುಗುತ್ತದೆ, ಕಲ್ಲು ಮಾತ್ರ ಇದ್ದಲ್ಲೇ ಇರುತ್ತದೆ.

ಪ್ಲೇಯರಿನಲ್ಲಿ ಕೈ ಅಂದರೆ ಗೆರೆ, ರಬ್ಬರು ಮುಳ್ಳಿನದು, ಕಲ್ಲು ಅಂದರೆ ತೋಳು. ಪ್ಲೇಟಿನ ಸೊಟ್ಟ ಬಂದಾಗ ತೋಳು ಜೊತೆಗೆ ಏಳಬೇಕು, ಇಳಿಯಬೇಕು. ಸಂಗೀತ ಬಂದಾಗ ತೋಳು ಇದ್ದಲ್ಲೇ ಇರಬೇಕು, ಮುಳ್ಳು ಮಾತ್ರ ಅಲುಗಬೇಕು. ಸೊಟ್ಟದ ಅಲುಗಾಟ ಹೆಚ್ಚುಕಡಿಮೆ 6 ಹರ್ಟ್ಜ್‌ನ ಕೆಳಗೆ. ಸಂಗೀತ 20ರಿಂದ ಮೇಲೆ. ಕಲ್ಲು ಕುಣಿಯುವ ಆ ಹದ ಇವೆರಡರ ನಡುವೆ ಬೀಳಬೇಕು, 8ರಿಂದ 12 ಹರ್ಟ್ಜ್ ಒಳಗೆ.

ಸೂತ್ರ ಇಷ್ಟೇ:

159 ÷ √(ಒಟ್ಟು ಭಾರ × ಕಂಪ್ಲಯನ್ಸ್)

ಒಟ್ಟು ಭಾರ ಅಂದರೆ ತೋಳು, ಕಾರ್ಟ್ರಿಜ್, ಸ್ಕ್ರೂಗಳು ಎಲ್ಲ ಸೇರಿ, ಗ್ರಾಮಿನಲ್ಲಿ. ಸ್ಕ್ರೂಗಳಿಗೆ 1 ಗ್ರಾಂ ಹಿಡಿಯಿರಿ.

ಡೆಬ್ಯೂ ಕಾರ್ಬನ್ ತೋಳಿಗೆ 2ಎಂ ರೆಡ್ ಹಾಕಿದರೆ: 6 + 7.2 + 1 = 14.2. ಅದನ್ನು 20ರಿಂದ ಗುಣಿಸಿದರೆ 284. ವರ್ಗಮೂಲ 16.85. ಉತ್ತರ 9.4 ಹರ್ಟ್ಜ್. ಹೂವು ಎತ್ತಿದ ಹಾಗೆ. ಈ ಎರಡನ್ನೂ ಒಟ್ಟಿಗೇ ಮಾರುತ್ತಿದ್ದದ್ದು ಸುಮ್ನೆ ಅಲ್ಲ.

ಅದೇ 2ಎಂ ರೆಡ್ ಟೆಕ್ನಿಕ್ಸ್ ತೋಳಿಗೆ: 20.2 × 20 = 404. ಉತ್ತರ 7.9. ಗಡಿಯಲ್ಲಿದೆ. ಪ್ಲೇಟು ಚಪ್ಪಟೆಯಾಗಿದ್ದರೆ ತೊಂದರೆ ಇಲ್ಲ.

ಟೆಕ್ನಿಕ್ಸ್‌ಗೆ ವಿಎಂ95ಇ: 12 + 6.1 + 1 = 19.1. ಗುಣಿಸು 12. ಉತ್ತರ 10.5. ಚೆನ್ನಾಗಿದೆ.

ಟೆಕ್ನಿಕ್ಸ್‌ಗೆ ಡಿಎಲ್-103: 21.5 × 9. ಉತ್ತರ 11.4. ಚೆನ್ನಾಗಿದೆ. 5 ಗ್ರಾಂ ಜಾಸ್ತಿ ಇರುವ ಹೆಡ್‌ಶೆಲ್ ಹಾಕಿದರೆ 10.3. ಇನ್ನೂ ಚೆನ್ನ.

ಡೆಬ್ಯೂ ಕಾರ್ಬನ್‌ಗೆ ಡಿಎಲ್-103: 15.5 × 9. ಉತ್ತರ 13.5. ಮೇಲಾಯಿತು. ಹೀಗಾದಾಗ ತಗ್ಗು ಸ್ವರಗಳು ತೋಳನ್ನೇ ಅಲುಗಿಸಲು ಶುರು ಮಾಡುತ್ತವೆ. ತಬಲಾದ ಬಾಯಾಂ ಕೇಳಿ, ಗೊತ್ತಾಗುತ್ತದೆ. ಆ ಗುಂಡು ನಾದ ಒಂದೋ ಉಬ್ಬಿರುತ್ತದೆ, ಇಲ್ಲವೇ ಕಲಸಿಹೋಗಿರುತ್ತದೆ.

ಇನ್ನು ನನ್ನ ಕಥೆ. ತೋಳು 18 ಗ್ರಾಂ, ಕಾರ್ಟ್ರಿಜ್ 7, ಸ್ಕ್ರೂ 1. ಕಂಪ್ಲಯನ್ಸ್ 30. ಉತ್ತರ 5.7 ಹರ್ಟ್ಜ್. ಪ್ಲೇಟಿನ ಪ್ರತಿ ಸೊಟ್ಟವೂ ತೋಳನ್ನು ಕುಣಿಸುತ್ತಿತ್ತು, ಆ ಕುಣಿತವೇ ಸ್ಪೀಕರಿಗೆ ಹೋಗುತ್ತಿತ್ತು. ಕೋನ್ ಉಸಿರಾಡದೆ ಇನ್ನೇನು ಮಾಡೀತು?

ಉತ್ತರ ಮೇಲಾದರೆ ದಾರಿ ಇದೆ. ಭಾರದ ಹೆಡ್‌ಶೆಲ್ ಹಾಕಿ, ಅಥವಾ ಹೆಡ್‌ಶೆಲ್ಲಿಗೂ ಕಾರ್ಟ್ರಿಜ್ಜಿಗೂ ನಡುವೆ ಲೋಹದ ತೆಳು ಬಿಲ್ಲೆ ಕೊಡಿ. ಉತ್ತರ ಕೆಳಗಾದರೆ ಕಷ್ಟ. ಸ್ಟೀಲ್ ಸ್ಕ್ರೂ ತೆಗೆದು ಅಲ್ಯೂಮಿನಿಯಂ ಸ್ಕ್ರೂ ಹಾಕಬಹುದು, ಹಗುರ ಹೆಡ್‌ಶೆಲ್ ಹುಡುಕಬಹುದು. ಉಳಿಯುವುದು ಎರಡು ಮೂರು ಗ್ರಾಂ. ನಾನು ಅದನ್ನೆಲ್ಲ ಮಾಡಿ, ಕೊನೆಗೆ ಕಾರ್ಟ್ರಿಜ್ಜನ್ನು ಹಗುರ ತೋಳಿರುವ ಗೆಳೆಯನಿಗೆ ಕೊಟ್ಟುಬಿಟ್ಟೆ. ಅವನ ಮನೆಯಲ್ಲಿ ಅದು ಈಗಲೂ ಅದ್ಭುತವಾಗಿ ಹಾಡುತ್ತಿದೆ, ಅದೇ ಬೇಜಾರು.

ಆಂಪ್ಲಿಫೈಯರ್ ಏನನ್ನುತ್ತದೆ

ಕಾರ್ಟ್ರಿಜ್ಜುಗಳಲ್ಲಿ ಎರಡು ಜಾತಿ. ಮೂವಿಂಗ್ ಮ್ಯಾಗ್ನೆಟ್‌ನಲ್ಲಿ ಅಯಸ್ಕಾಂತ ಅಲುಗುತ್ತದೆ, ಸುರುಳಿ ಸುಮ್ಮನಿರುತ್ತದೆ. ಮೂವಿಂಗ್ ಕಾಯಿಲ್‌ನಲ್ಲಿ ಇದಕ್ಕೆ ಉಲ್ಟಾ. ಅಲುಗುವ ಸುರುಳಿ ಹಗುರ ಇರಬೇಕು, ಹಾಗಾಗಿ ತಂತಿ ಸ್ವಲ್ಪವೇ. ವಿದ್ಯುತ್ತೂ ಸ್ವಲ್ಪವೇ. 2ಎಂ ರೆಡ್ 5.5 ಮಿಲಿವೋಲ್ಟ್ ಕೊಟ್ಟರೆ ಡಿಎಲ್-103 ಕೊಡುವುದು 0.3.

ಸಾಮಾನ್ಯ ಫೋನೊ ಇನ್‌ಪುಟ್ 40 ಡೆಸಿಬೆಲ್, ಅಂದರೆ ನೂರು ಪಟ್ಟು ಹಿಗ್ಗಿಸುತ್ತದೆ. 5.5 ಮಿಲಿವೋಲ್ಟ್ ಅರ್ಧ ವೋಲ್ಟ್ ಆಗುತ್ತದೆ, ಸಾಕು. 0.3 ಮಿಲಿವೋಲ್ಟ್ ಮಾತ್ರ 30 ಮಿಲಿವೋಲ್ಟ್ ಆಗಿ ನಿಲ್ಲುತ್ತದೆ. ವಾಲ್ಯೂಮ್ ಪೂರ್ತಿ ತಿರುಗಿಸಿದರೆ ಹಾಡಿಗಿಂತ ಗುಂಯ್ ಸದ್ದೇ ಜಾಸ್ತಿ ಕೇಳುತ್ತದೆ. ಮೂವಿಂಗ್ ಕಾಯಿಲ್‌ಗೆ 60 ಡೆಸಿಬೆಲ್ ಬೇಕು, ಸಾವಿರ ಪಟ್ಟು. ಇಲ್ಲವೇ ನಡುವೆ ಒಂದು ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್. ಡಿಎಲ್-103ಕ್ಕೆ ಹತ್ತು ಪಟ್ಟಿನದ್ದು ಒಗ್ಗುತ್ತದೆ. ಕಾರ್ಟ್ರಿಜ್ ಕೊಳ್ಳುವ ದುಡ್ಡಿನಲ್ಲಿ ಇದನ್ನೂ ಸೇರಿಸಿಕೊಳ್ಳಿ, ಆಮೇಲೆ ಪರದಾಡಬೇಡಿ. ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ ಮೂವಿಂಗ್ ಮ್ಯಾಗ್ನೆಟ್ಟೇ. ಮುಳ್ಳು ಸವೆದರೆ ಮುಳ್ಳನ್ನಷ್ಟೇ ಎಳೆದು ತೆಗೆದು ಹೊಸದು ಸಿಕ್ಕಿಸಬಹುದು. ಮೂವಿಂಗ್ ಕಾಯಿಲ್‌ನಲ್ಲಿ ಸಾಮಾನ್ಯವಾಗಿ ಇಡೀ ಕಾರ್ಟ್ರಿಜ್ಜೇ ಹೋಗುತ್ತದೆ.

ಮೂವಿಂಗ್ ಮ್ಯಾಗ್ನೆಟ್ ಹಾಕುವವರು ಇನ್ನೊಂದು ಸಂಖ್ಯೆ ನೋಡಬೇಕು, ಕೆಪಾಸಿಟೆನ್ಸ್. ತಂತಿಗಳು ಸ್ವಲ್ಪ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಗುಣ ಇದು, ಅಳೆಯುವುದು ಪಿಕೊಫ್ಯಾರಡ್‌ನಲ್ಲಿ. ತೋಳಿನ ಒಳಗಿನ ತಂತಿ, ಆಂಪ್ಲಿಫೈಯರಿಗೆ ಹೋಗುವ ಕೇಬಲ್, ಫೋನೊ ಇನ್‌ಪುಟ್ಟು, ಮೂರೂ ಸ್ವಲ್ಪ ಸ್ವಲ್ಪ ಪಿಕೊಫ್ಯಾರಡ್ ಸೇರಿಸುತ್ತವೆ. ಕಾರ್ಟ್ರಿಜ್ಜಿನ ಸುರುಳಿ ಇದರ ಜೊತೆ ಸೇರಿ ಮೇಲಿನ ಸ್ವರಗಳಲ್ಲಿ ಒಂದು ಗುಡ್ಡ ಎಬ್ಬಿಸುತ್ತದೆ. ವಿಎಂ95ಇ ಸುರುಳಿ 550 ಮಿಲಿಹೆನ್ರಿ. ಒಟ್ಟು 150 ಪಿಕೊಫ್ಯಾರಡ್ ಇದ್ದರೆ ಆ ಗುಡ್ಡ 17,500 ಹರ್ಟ್ಜ್ ಹತ್ತಿರ, ಕಿವಿಗೆ ಅಷ್ಟೇನೂ ಬೀಳುವುದಿಲ್ಲ. 300 ಆದರೆ 12,400ಕ್ಕೆ ಇಳಿಯುತ್ತದೆ. ಆಗ 'ಸ', 'ಶ' ಅಕ್ಷರಗಳು ಚುಚ್ಚುತ್ತವೆ. ಈ ಕಾರ್ಟ್ರಿಜ್ಜಿಗೆ ಕಂಪನಿ ಹೇಳುವುದು 100ರಿಂದ 200. ಆರ್ಟೊಫೋನ್ 2ಎಂ ರೆಡ್‌ಗೆ 150ರಿಂದ 300 ಆಗುತ್ತದೆ. ಕಾರ್ಟ್ರಿಜ್ ಚುಚ್ಚುತ್ತದೆ ಅಂತ ಬೈಯುವ ಮುಂಚೆ ಉದ್ದ ಕೇಬಲ್ ತೆಗೆದು ಗಿಡ್ಡದ್ದು ಹಾಕಿ ನೋಡಿ.

ಮುಳ್ಳಿನ ತುದಿ

ನನ್ನ ಎಲ್‌ಪಿಯ ತಾನುಗಳು ಚರಗುಟ್ಟಿದ್ದು ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲಿದೆ.

ಎಲ್‌ಪಿ ನಿಮಿಷಕ್ಕೆ ಮೂವತ್ಮೂರು ಚಿಲ್ಲರೆ ಸುತ್ತು ತಿರುಗುತ್ತದೆ. ಹೊರಗಿನ ಅಂಚಿನಲ್ಲಿ ಮುಳ್ಳಿನ ಕೆಳಗೆ ಗೆರೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತದೆ. ಲೇಬಲ್ಲಿನ ಹತ್ತಿರ ಬಂದಾಗ ಸುತ್ತು ಅಷ್ಟೇ, ಓಟ ಮಾತ್ರ 21 ಸೆಂಟಿಮೀಟರ್. 10,000 ಹರ್ಟ್ಜ್ ಸದ್ದಿನ ಒಂದು ಅಲೆ ಹೊರಗೆ 51 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಜಾಗದಲ್ಲಿ ಹರಡಿಕೊಂಡಿದ್ದರೆ, ಒಳಗೆ 21 ಮೈಕ್ರಾನಿನಲ್ಲಿ ಇಕ್ಕಟ್ಟಾಗಿ ಕೂರಬೇಕು. ಡಿಎಲ್-103ರ ದುಂಡು ಮುಳ್ಳಿನ ತುದಿಯ ತ್ರಿಜ್ಯವೇ 16.5 ಮೈಕ್ರಾನ್. ಅದು ಆ ಅಲೆಯ ಕಣಿವೆಗೆ ಇಳಿಯುವುದಾದರೂ ಹೇಗೆ? ಅಂಚಿನಿಂದ ಅಂಚಿಗೆ ಉಜ್ಜಿಕೊಂಡು ಹೋಗುತ್ತದೆ. ಹಿಂದೂಸ್ತಾನಿ ಎಲ್‌ಪಿಗಳಲ್ಲಿ ಬದಿಯ ಕೊನೆಗೇ ದ್ರುತ್ ಬರುವುದು. ಕಷ್ಟದ ಸಂಗೀತವೆಲ್ಲ ಕಷ್ಟದ ಜಾಗದಲ್ಲೇ ಇರುತ್ತದೆ.

ಎಲಿಪ್ಟಿಕಲ್, ಅಂದರೆ ಅಂಡಾಕಾರದ ಮುಳ್ಳಿನಲ್ಲಿ ಬದಿಯ ತ್ರಿಜ್ಯ 7.6 ಮೈಕ್ರಾನ್ ಆಸುಪಾಸು. ಇನ್ನೂ ಚೂಪಾದ ಮೈಕ್ರೊಲೈನ್ ಮುಳ್ಳಿನಲ್ಲಿ ಸುಮಾರು 3. ಇನ್ನೊಂದು ಹೆಸರು ಆಗಾಗ ಕೇಳಿಸುವುದು ಶಿಬಾಟ. ಅದು 1970ರ ದಶಕದಲ್ಲಿ ನಾಲ್ಕು ಚಾನಲ್ಲಿನ ಪ್ಲೇಟುಗಳಿಗಾಗಿ ಜಪಾನಿನ ಜೆವಿಸಿ ಕಂಪನಿಯ ನೊರಿಯೊ ಶಿಬಾಟ ರೂಪಿಸಿದ ಆಕಾರ. ಆ ಪ್ಲೇಟುಗಳಲ್ಲಿ 45,000 ಹರ್ಟ್ಜ್‌ವರೆಗೆ ಓದಬೇಕಿತ್ತು. ನಾಲ್ಕು ಚಾನಲ್ಲು ಸತ್ತುಹೋಯಿತು, ಮುಳ್ಳು ಉಳಿಯಿತು.

ಬಾಳಿಕೆಯಲ್ಲೂ ವ್ಯತ್ಯಾಸ ಇದೆ. ಆಡಿಯೊ-ಟೆಕ್ನಿಕಾ ಹೇಳುವ ಪ್ರಕಾರ ಎಲಿಪ್ಟಿಕಲ್ ಸುಮಾರು 300 ಗಂಟೆ, ದುಂಡು 500, ಮೈಕ್ರೊಲೈನ್ 1000. ಮೂರು ಪಟ್ಟು ಬಾಳುವ ಮುಳ್ಳಿಗೆ ಜಾಸ್ತಿ ಬೆಲೆ ಕೊಟ್ಟರೆ ನಷ್ಟ ಏನಿದೆ? ವಿಎಂ95 ಸರಣಿಯಲ್ಲಿ ಒಂದೇ ದೇಹಕ್ಕೆ ಈ ಎಲ್ಲ ಮುಳ್ಳುಗಳೂ ಕೂರುತ್ತವೆ. ಇವತ್ತು ಎಲಿಪ್ಟಿಕಲ್ ಕೊಂಡು ನಾಳೆ ಮೈಕ್ರೊಲೈನ್‌ಗೆ ಹೋಗಬಹುದು. 2ಎಂ ರೆಡ್ ದೇಹಕ್ಕೆ ಬ್ಲೂ ಮುಳ್ಳು ಕೂರುತ್ತದೆ.

ಆದರೆ ಚೂಪು ಮುಳ್ಳು ಸರಿಯಾಗಿ ಕೂರಿಸದಿದ್ದರೆ ದುಂಡು ಮುಳ್ಳಿಗಿಂತ ಕೆಟ್ಟದಾಗಿ ಕೇಳಿಸುತ್ತದೆ. ಅಳತೆ ಪಟ್ಟಿ ಹಿಡಿದು ಅರ್ಧ ಗಂಟೆ ಕೂರುವ ತಾಳ್ಮೆ ಇಲ್ಲವೆಂದರೆ ಎಲಿಪ್ಟಿಕಲ್‌ನಲ್ಲೇ ಇರಿ.

ಮನೆಯಲ್ಲಿ 78ರ ಪ್ಲೇಟುಗಳಿದ್ದರೆ ಅವಕ್ಕೆ ಬೇರೆ ಮುಳ್ಳೇ ಬೇಕು. ಬೆಂಗಳೂರು ನಾಗರತ್ನಮ್ಮ, ಚೌಡಯ್ಯ, ಚಿಕ್ಕ ವಯಸ್ಸಿನ ಮಲ್ಲಿಕಾರ್ಜುನ ಮನ್ಸೂರ್ ಎಲ್ಲ ಹಾಡಿ ನುಡಿಸಿದ್ದು ಆ ಅಗಲ ಗೆರೆಗಳಲ್ಲಿ. ಎಲ್‌ಪಿ ಮುಳ್ಳು ಅಲ್ಲಿ ತಳಕ್ಕೆ ಬಿದ್ದು ಕಸ ಕೆರೆಯುತ್ತದೆ. 3 ಮಿಲ್ ಅಂತ ಬರೆದಿರುವ, ಹೆಚ್ಚುಕಡಿಮೆ 75 ಮೈಕ್ರಾನಿನ ಮುಳ್ಳು ಕೇಳಿ. ವಿಎಂ95 ಸರಣಿಯಲ್ಲಿ ಎಸ್‌ಪಿ ಅಂತ ಕೊನೆಗೊಳ್ಳುವುದು ಇದೇ. ಪ್ಲೇಯರಿನಲ್ಲಿ 78ರ ವೇಗ ಇದೆಯಾ ಅಂತಲೂ ನೋಡಿ. ಟೆಕ್ನಿಕ್ಸ್ ಎಂಕೆ2ರಲ್ಲಿ ಇಲ್ಲ.

ಕೂರಿಸುವುದು

ಮುಳ್ಳಿನ ಮೇಲೆ ಕಾವಲು ಟೋಪಿ ಹಾಕಿಯೇ ಕೆಲಸ ಶುರು ಮಾಡಿ. ಮಕ್ಕಳನ್ನೂ ಬೆಕ್ಕನ್ನೂ ಹೊರಗೆ ಕಳಿಸಿ, ಫ್ಯಾನ್ ಆರಿಸಿ. ಹೊಲಿಗೆ ಡಬ್ಬಿಯ ಚಿಮಟ ಒಂದು ಸಾಕು.

ನಾಲ್ಕು ತಂತಿಗಳು. ಬಿಳಿ ಎಡದ ಪ್ಲಸ್, ನೀಲಿ ಎಡದ ಮೈನಸ್. ಕೆಂಪು ಬಲದ ಪ್ಲಸ್, ಹಸಿರು ಬಲದ ಮೈನಸ್. ಕಾರ್ಟ್ರಿಜ್ಜಿನ ಹಿಂದೆಯೂ ಇದೇ ಬಣ್ಣಗಳಿರುತ್ತವೆ. ತಂತಿ ತುದಿಯ ಪುಟ್ಟ ಕೊಳವೆ ಬಿಗಿಯಾದರೆ ಹಲ್ಲುಕಡ್ಡಿ ತೂರಿಸಿ ಸಡಿಲ ಮಾಡಿ. ಕಾರ್ಟ್ರಿಜ್ಜಿಗೆ ಸಿಕ್ಕಿಸಿಟ್ಟು ಬೆಸುಗೆ ಹಾಕಲು ಹೋಗಬೇಡಿ, ಒಳಗಿನ ತಂತಿ ಸುಟ್ಟುಹೋಗುತ್ತದೆ. ಸ್ಕ್ರೂ ಸ್ವಲ್ಪ ಸಡಿಲವೇ ಇರಲಿ.

ಈಗ ತೂಕ. ತೋಳು ಒಳಕ್ಕೆ ಜಾರದಂತೆ ಹಿಡಿಯುವ ಆ್ಯಂಟಿಸ್ಕೇಟಿಂಗ್ ಗುಂಡಿಯನ್ನು ಸೊನ್ನೆಗೆ ಇಡಿ. ಟೋಪಿ ತೆಗೆಯಿರಿ. ತೋಳು ಗಾಳಿಯಲ್ಲಿ ತಕ್ಕಡಿ ದಂಡದ ಹಾಗೆ ಸಮವಾಗಿ ತೇಲುವವರೆಗೆ ಕೌಂಟರ್‌ವೇಟ್ ತಿರುಗಿಸಿ. ಅದರ ಮೇಲಿನ ಅಂಕಿಯ ಬಳೆಯನ್ನಷ್ಟೇ ಸೊನ್ನೆಗೆ ತಂದು, ಆಮೇಲೆ ಎರಡನ್ನೂ ಒಟ್ಟಿಗೆ ತಿರುಗಿಸಿ ಬೇಕಾದ ಗ್ರಾಂ ಕೊಡಿ. 2ಎಂ ರೆಡ್‌ಗೆ 1.8, ವಿಎಂ95ಇಗೆ 2, ಡಿಎಲ್-103ಕ್ಕೆ 2.5. ಬಳೆಯ ಅಂಕಿಯನ್ನು ಪೂರ್ತಿ ನಂಬಬೇಡಿ. ಮುಳ್ಳಿನ ತೂಕ ನೋಡುವ ಪುಟ್ಟ ಡಿಜಿಟಲ್ ತಕ್ಕಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ತಗೊಳ್ಳಿ.

ಹಗುರವಾಗಿಟ್ಟರೆ ಪ್ಲೇಟು ಉಳಿಯುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ಅದು ಉಲ್ಟಾ. ಭಾರ ಸಾಲದೆ ಹೋದರೆ ಮುಳ್ಳು ಗೆರೆಯಲ್ಲಿ ಎಗರಿ ಎಗರಿ ಬೀಳುತ್ತದೆ, ಗೋಡೆಗೆ ಗಾಯ ಆಗುತ್ತದೆ. ಕಂಪನಿ ಹೇಳಿದ ಮಿತಿಯೊಳಗೆ ಮೇಲಿನ ಕಡೆಗೇ ಇಡಿ.

ಇನ್ನು ಕೋನ. ರೆಕಾರ್ಡಿನ ಗೆರೆ ಕೊರೆದ ಯಂತ್ರದ ತಲೆ ನೇರವಾಗಿ ಒಳಗೆ ಸಾಗಿತ್ತು. ನಮ್ಮ ತೋಳು ಒಂದು ಗೂಟದ ಸುತ್ತ ಕಮಾನಿನಂತೆ ತಿರುಗುತ್ತದೆ. ಹಾಗಾಗಿ ಇಡೀ ಬದಿಯಲ್ಲಿ ಎರಡೇ ಎರಡು ಜಾಗದಲ್ಲಿ ಮುಳ್ಳು ಗೆರೆಗೆ ಸರಿಯಾಗಿ ನೇರವಾಗುತ್ತದೆ. ಆ ಎರಡು ಜಾಗ ಎಲ್ಲಿರಬೇಕು ಅನ್ನುವುದಕ್ಕೆ ಬೇರೆ ಬೇರೆ ಲೆಕ್ಕಗಳಿವೆ. ಲೋಫ್‌ಗ್ರೆನ್ ಅನ್ನುವವರು 1938ರಲ್ಲಿ ಒಂದು ಕೊಟ್ಟರು. ಬೇರ್‌ವಾಲ್ಡ್ ಹೆಸರಿನಲ್ಲಿ ಚಾಲ್ತಿಯಲ್ಲಿರುವುದೂ ಅದೇ. ಅದರಲ್ಲಿ ಮಧ್ಯದಿಂದ 66 ಮತ್ತು 120.9 ಮಿಲಿಮೀಟರ್. ಸ್ಟೀವನ್ಸನ್ ಲೆಕ್ಕದಲ್ಲಿ 60.3 ಮತ್ತು 117.4.

ಹೆಚ್ಚಿನವರು ಬೇರ್‌ವಾಲ್ಡ್ ಹಾಕಿ ಅನ್ನುತ್ತಾರೆ. ಸಿನಿಮಾ ಹಾಡಿನ ಇಪಿ, ಹಿಂದೂಸ್ತಾನಿ ಎಲ್‌ಪಿ ಜಾಸ್ತಿ ಕೇಳುವವರಿಗೆ ನಾನು ಸ್ಟೀವನ್ಸನ್ ಹಾಕಿ ಅನ್ನುತ್ತೇನೆ. ಕಾರಣ ಸರಳ. 7 ಇಂಚಿನ ಇಪಿಯ ಹೊರಗಿನ ಗೆರೆಯೇ ಮಧ್ಯದಿಂದ 85 ಮಿಲಿಮೀಟರಿನ ಒಳಗಿದೆ. 120ರ ಹತ್ತಿರದ ಜಾಗ ಅದಕ್ಕೆ ಸಿಗುವುದೇ ಇಲ್ಲ. ಎಲ್‌ಪಿಯ ದ್ರುತ್ ಬರುವುದು 60ರ ಆಸುಪಾಸು. ಅಲ್ಲಿ ನೇರವಾಗಿದ್ದರೆ ಲಾಭ, ನಡುವೆ ಸ್ವಲ್ಪ ಹೆಚ್ಚುಕಡಿಮೆ ಆದರೆ ಕಿವಿಗೆ ಅಷ್ಟು ಗೊತ್ತಾಗುವುದಿಲ್ಲ. ಟೆಕ್ನಿಕ್ಸ್‌ನವರು ಹೇಳುವ ಅಳತೆ, ಅಂದರೆ ಹೆಡ್‌ಶೆಲ್ ಹಿಂದಿನ ರಬ್ಬರ್ ಉಂಗುರದಿಂದ ಮುಳ್ಳಿನ ತುದಿಗೆ 52 ಮಿಲಿಮೀಟರ್, ಸ್ಟೀವನ್ಸನ್‌ಗೇ ಹತ್ತಿರ ಬರುತ್ತದೆ.

ಆ ಎರಡು ಜಾಗವನ್ನು ಚುಕ್ಕೆ, ಗೆರೆಗಳಲ್ಲಿ ಗುರುತು ಮಾಡಿದ ಕೋನದ ಕಾಗದವನ್ನು ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಸಬಹುದು. ಪ್ರಿಂಟ್ ಅಂಗಡಿಯಲ್ಲಿ 'ಪುಟಕ್ಕೆ ಹೊಂದಿಸು' ಅನ್ನುವ ಆಯ್ಕೆ ಬಿಟ್ಟುಬಿಡಲು ಹೇಳಿ, ತಂದ ಮೇಲೆ ಸ್ಕೇಲ್ ಇಟ್ಟು ಅಳೆದು ನೋಡಿ. ನಾನು ಒಂದು ಸಲ ಹಾಗೆ ನೋಡದೆ, ಶೇಕಡಾ 96ಕ್ಕೆ ಕುಗ್ಗಿದ ಕಾಗದದ ಮೇಲೆ ಎರಡು ಸಂಜೆ ಕಳೆದಿದ್ದೇನೆ. ಮುಳ್ಳನ್ನು ಮೊದಲ ಚುಕ್ಕೆಯ ಮೇಲಿಟ್ಟು, ಮುಂದಿನಿಂದ ನೋಡಿದಾಗ ಮುಳ್ಳಿನ ಕಡ್ಡಿ ಕಾಗದದ ಗೆರೆಗಳಿಗೆ ಸಮನಾಗಿ ಕಾಣಬೇಕು. ಎರಡನೇ ಚುಕ್ಕೆಯಲ್ಲೂ ಹಾಗೇ. ಒಂದರಲ್ಲಿ ಸರಿ ಹೋಗಿ ಇನ್ನೊಂದರಲ್ಲಿ ತಪ್ಪಿದರೆ ಕಾರ್ಟ್ರಿಜ್ಜನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಜರುಗಿಸಿ. ನೋಡಬೇಕಾದ್ದು ಕಾರ್ಟ್ರಿಜ್ಜಿನ ಅಂಚನ್ನಲ್ಲ, ಕಡ್ಡಿಯನ್ನು. ಸ್ಕ್ರೂ ಬಿಗಿದ ಮೇಲೆ ತೂಕ ಮತ್ತೆ ನೋಡಿ, ಬದಲಾಗಿರುತ್ತದೆ.

ಎತ್ತರದ ವಿಷಯ ಬೇಗ ಮುಗಿಸುತ್ತೇನೆ. ಪ್ಲೇಟಿನ ಮೇಲೆ ಮುಳ್ಳು ಇಟ್ಟಾಗ ತೋಳು ಪ್ಲೇಟಿಗೆ ಸಮನಾಗಿರಲಿ. ದುಂಡು ಮುಳ್ಳಿಗೆ ಇಷ್ಟು ಸಾಕೇ ಸಾಕು. ರೇಗಾದಂಥ ತೋಳುಗಳಲ್ಲಿ ಎತ್ತರ ಸರಿಪಡಿಸಲು ಕೆಳಗೆ ಬಿಲ್ಲೆ ಕೊಡಬೇಕು. ಮುಂದಿನಿಂದ ನೋಡಿದಾಗ ಮುಳ್ಳು ಓರೆಯಾಗಿದೆಯಾ ಅಂತ ತಿಳಿಯಲು ಪುಟ್ಟ ಕನ್ನಡಿಯ ಚೂರಿನ ಮೇಲೆ ಇಳಿಸಿ. ಮುಳ್ಳು ಮತ್ತು ಅದರ ಬಿಂಬ ಒಂದೇ ನೇರ ಗೆರೆಯಾಗಿರಬೇಕು. ಆ್ಯಂಟಿಸ್ಕೇಟಿಂಗನ್ನು ಮುಳ್ಳಿನ ತೂಕದಷ್ಟೇ ಇಟ್ಟು ಶುರು ಮಾಡಿ. ಬಲಗಡೆ ಸ್ಪೀಕರಿನಲ್ಲಿ ಮಾತ್ರ ಚರಗುಟ್ಟಿದರೆ ಸ್ವಲ್ಪ ಹೆಚ್ಚಿಸಿ, ಎಡಗಡೆ ಮಾತ್ರ ಆದರೆ ಇಳಿಸಿ.

ಸರಿಯಾಯಿತಾ ಅಂತ ತಿಳಿಯುವುದು

ಸ್ವಲ್ಪ ಸೊಟ್ಟಗಿರುವ ಪ್ಲೇಟು ಹಾಕಿ, ಸ್ಪೀಕರಿನ ಜಾಲರಿ ತೆಗೆದು ದೊಡ್ಡ ಕೋನ್ ನೋಡಿ. ಚೂರು ಆಡಿದರೆ ಪರವಾಗಿಲ್ಲ. ಕಣ್ಣಿಗೆ ಹೊಡೆಯುವಷ್ಟು ಆಡಿದರೆ ಲೆಕ್ಕಕ್ಕೆ ವಾಪಸ್ ಹೋಗಿ. ಆಮೇಲೆ ಬದಿಯ ಕೊನೇ ಹಾಡನ್ನು, ಬೇರೆ ಯಾವುದನ್ನೂ ಅಲ್ಲ, ಕೇಳಿ. ಹೆಣ್ಣು ದನಿಯ 'ಸ' ಹೇಗಿದೆ? ಹಾರ್ಮೋನಿಯಂನ ಮೇಲಿನ ಸ್ವರಗಳು ಗಾಜಿನ ಪುಡಿಯ ಹಾಗಿವೆಯಾ, ಇಲ್ಲಾ ಒಂದೊಂದೂ ಬಿಡಿಸಿ ಕೇಳುತ್ತಿವೆಯಾ? ಹೊಸ ಮುಳ್ಳಿನ ರಬ್ಬರು ಮೊದಲ ಕೆಲವು ಗಂಟೆ ಬಿಗಿಯಾಗಿರಬಹುದು. ಹಾಗಾಗಿ ಒಂದು ವಾರ ಕೇಳಿದ ಮೇಲೆ ತೀರ್ಮಾನ ಮಾಡಿ. ಪ್ಲೇಯರಿನ ಪಕ್ಕ ಒಂದು ಪುಸ್ತಕ ಇಟ್ಟು ಎಷ್ಟು ಬದಿ ಕೇಳಿದಿರಿ ಅಂತ ಗೆರೆ ಎಳೆಯುತ್ತಾ ಹೋಗಿ. ಮುಳ್ಳಿನ ಗಂಟೆ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ನಾನು ಕೊನೆಗೆ ಆ 18 ಗ್ರಾಮಿನ ತೋಳಿಗೆ ವಿಎಂ95 ದೇಹ, ಮೈಕ್ರೊಲೈನ್ ಮುಳ್ಳು ಹಾಕಿದೆ. ಲೆಕ್ಕ ಮೊದಲಿಗಿಂತ ಎಷ್ಟೋ ಮೇಲೆ ಬಂತು. ಕೋನ್ ಸುಮ್ಮನಾಯಿತು. ಜೋಶಿಯವರ ಎಲ್‌ಪಿಯ ಒಂದು ಬದಿಯ ತಾನುಗಳು ಈಗ ಕೊನೆಯವರೆಗೂ ತಿಳಿಯಾಗಿವೆ. ಇನ್ನೊಂದು ಬದಿ ಈಗಲೂ ಚರಗುಟ್ಟುತ್ತದೆ. ಅದು ನಿಜವಾಗಲೂ ಸವೆದಿದೆ. ಹಿಂದಿನ ಮಾಲೀಕರಿಗೆ ಆ ಬದಿಯ ರಾಗವೇ ಜಾಸ್ತಿ ಇಷ್ಟವಿತ್ತೇನೋ.